ಗುರಾಣಿ ಹುಡುಕುವ ದೊರೆಗಳು

ಇಂಗ್ಲೆಂಡಿನ ಯಾವ ಕೌಂಟಿಯ ದಾಖಲೆ ಕಚೇರಿಗೆ ಹೋದರೂ ಕಿಟಕಿ ಪಕ್ಕದ ಮೇಜಿನಲ್ಲಿ ಅವರು ಇದ್ದೇ ಇರುತ್ತಾರೆ. ಕೈಯಲ್ಲಿ ಪೆನ್ಸಿಲ್ಲು (ಪೆನ್ನು ಒಳಗೆ ಬಿಡುವುದಿಲ್ಲ), ಕೊರಳಲ್ಲಿ ಭೂತಗನ್ನಡಿ, ಮುಖದಲ್ಲಿ ರಾಜಕಳೆ. ಕಳೆಗೆ ದಾಖಲೆ ಮಾತ್ರ ಇನ್ನೂ ಸಿಕ್ಕಿಲ್ಲ. ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತರಾದ ಈ ದೊರೆಗಳ ಪ್ರಕಾರ ಅವರ ಮೂಲಪುರುಷ 1066ರಲ್ಲಿ ಇಂಗ್ಲೆಂಡ್ ಗೆಲ್ಲಲು ಬಂದ ನಾರ್ಮಂಡಿಯ ವಿಲಿಯಂ ಜೊತೆ ಹಡಗಿನಿಂದ ಇಳಿದವನು. ಹೇಸ್ಟಿಂಗ್ಸ್ ಕಾಳಗದಲ್ಲಿ ವಿಲಿಯಂ ಕಡೆ ಇದ್ದವರಲ್ಲಿ ಆಧಾರಸಹಿತ ಹೆಸರು ಹೇಳಬಹುದಾದವರು ಕೆಲವೇ ಮಂದಿ. ವಂಶಸ್ಥರು ಹೇಳಿಕೊಳ್ಳುವವರನ್ನೆಲ್ಲ ಹತ್ತಿಸಿದ್ದರೆ ಹಡಗು ದಡ ಬಿಡುವ ಮೊದಲೇ ಮುಳುಗುತ್ತಿತ್ತು.

ವಂಶ ಹುಡುಕುವ ಕೆಲಸ ಶುರುವಾಗುವುದು ಮದುವೆ ದಾಖಲೆಗಳಿಂದ. 1837ರ ಜುಲೈಯಿಂದ ಈಚೆಗೆ ಸರ್ಕಾರಿ ನೋಂದಣಿ ಇದೆ. ಅದರಲ್ಲಿ ವಧೂವರರ ಅಪ್ಪಂದಿರ ಹೆಸರಿನ ಜೊತೆಗೆ ಕಸುಬನ್ನೂ ಬರೆಯುತ್ತಾರೆ. ಈ ಕಸುಬಿನ ಕಾಲಮ್ಮೇ ದೊರೆಗಳ ಶತ್ರು. ಮುತ್ತಾತನ ಅಪ್ಪ ಕೂಲಿ. ಮುತ್ತಜ್ಜಿಯ ಅಪ್ಪನೂ ಕೂಲಿ. "ಗುಮಾಸ್ತನ ಅಸಡ್ಡೆ!" ಎಂದು ಹಿಂದಕ್ಕೆ ಹೋಗುತ್ತಾರೆ.

ಅದಕ್ಕೂ ಹಿಂದೆ ಚರ್ಚಿನ ಪುಸ್ತಕಗಳೇ ಗತಿ. 1538ರಲ್ಲಿ ಥಾಮಸ್ ಕ್ರಾಮ್‌ವೆಲ್ ಹೊರಡಿಸಿದ ಆಜ್ಞೆಯಿಂದ ಅವು ಹುಟ್ಟಿದವು. 1754ರಿಂದ ಮದುವೆಯಾಗುವವರು ಅವುಗಳಲ್ಲಿ ಸಹಿ ಹಾಕಬೇಕಾಯಿತು. ದೊರೆಗಳ ಪೂರ್ವಜ ಹಾಕಿದ್ದು ಇಂಟು ಮಾರ್ಕು. "ಶಿಲುಬೆ! ಧರ್ಮಯುದ್ಧಕ್ಕೆ ಹೋದ ಮನೆತನ" ಎನ್ನುತ್ತಾರೆ.

ಇನ್ನೂ ಹಿಂದೆ ಹೋದಾಗ ಒಂದು ಗಂಡಾಂತರ ಎದುರಾಯಿತು. ಅಜ್ಜಿಯೊಬ್ಬಳ ಮದುವೆ 1700ರ ಏಪ್ರಿಲ್, ಮಗುವಿನ ದೀಕ್ಷಾಸ್ನಾನ 1700ರ ಫೆಬ್ರುವರಿ! ದೊರೆಗಳಿಗೆ ಅನ್ನ ಸೇರಲಿಲ್ಲ. ಆ ಕಾಲದಲ್ಲಿ ಅಲ್ಲಿ ವರ್ಷ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಆದ್ದರಿಂದ ಏಪ್ರಿಲ್ ಆದಮೇಲೆ ಬಂದ ಫೆಬ್ರುವರಿಯೂ 1700ರದೇ ಎಂದು ಕಚೇರಿಯ ಹುಡುಗಿ ಬಿಡಿಸಿ ಹೇಳಿದಳು. ಹತ್ತು ತಿಂಗಳು! ಅಜ್ಜಿಯ ಮಾನ ಉಳಿಯಿತು.

ಆದರೂ ಅವರ ಆಸೆ ಇರುವುದು ಹೆರಾಲ್ಡರ, ಅಂದರೆ ಮನೆತನಗಳ ಲಾಂಛನದ ಲೆಕ್ಕ ಇಡುವ ರಾಜಾಧಿಕಾರಿಗಳ, ಪುಸ್ತಕಗಳ ಮೇಲೆ. ನಮ್ಮ ಹೆಳವರು ಎತ್ತು ಹೊಡೆದುಕೊಂಡು ಬಂದು ಮನೆತನದ ಹೆಸರುಗಳನ್ನು ಒಪ್ಪಿಸುವ ಹಾಗೆ, 1530ರಿಂದ 1688ರವರೆಗೆ ಹೆರಾಲ್ಡರು ಕೌಂಟಿಗಳನ್ನು ಸುತ್ತಿ ಗಣ್ಯರ ವಂಶಾವಳಿ, ಗುರಾಣಿ ಲಾಂಛನಗಳನ್ನು ಬರೆದುಕೊಂಡರು. ಆದರೆ ಹೆಳವರು ಹೊಗಳಿ ಕಾಳು ತುಂಬಿಕೊಂಡು ಹೋಗುತ್ತಾರೆ. ಇವರೋ, ಹಕ್ಕಿಲ್ಲದೆ ಲಾಂಛನ ಹಾಕಿಕೊಂಡವರ ಹೆಸರನ್ನು ಪೇಟೆಯಲ್ಲಿ ಕೂಗಿಸುತ್ತಿದ್ದರು. ಕೊನೆಗೂ ದೊರೆಗಳ ಮನೆತನದ ಹೆಸರು ಅಂಥದೊಂದು ಪುಸ್ತಕದಲ್ಲಿ ಸಿಕ್ಕಿತು, ಕೂಗಿಸಿಕೊಂಡವರ ಪಟ್ಟಿಯಲ್ಲಿ. ಬಂದ ನೆಂಟರಿಗೆಲ್ಲ ಆ ಪುಟ ತೋರಿಸುತ್ತಾರೆ, ತಲೆಬರಹದ ಮೇಲೆ ಹೆಬ್ಬೆರಳಿಟ್ಟುಕೊಂಡು.

ಇಷ್ಟರಲ್ಲಿ ಹೆಂಡತಿಯ ಕಡೆ ಹುಡುಕಿದರೆ, ಅಸಲಿ ಲಾಂಛನ! ಗಂಡು ಸಂತಾನವಿಲ್ಲದ ಮನೆಯ ಹೆಣ್ಣು ತಂದರೆ ಅವಳ ಅಪ್ಪನ ಲಾಂಛನವೂ ಮಕ್ಕಳ ಗುರಾಣಿಗೆ ಸೇರುತ್ತದೆ. ಸ್ಟೋ ಅರಮನೆಯ ಗ್ರೆನ್‌ವಿಲ್ ಮನೆತನ ಹೀಗೆ ಮದುವೆಗಳಿಂದಲೇ 719 ಭಾಗಗಳ ಗುರಾಣಿ ಮಾಡಿಕೊಂಡಿತ್ತು. (1848ರಲ್ಲಿ ಸಾಲಕ್ಕೆ ಅರಮನೆಯ ಸಾಮಾನೆಲ್ಲ ಹರಾಜಾಯಿತು, ಅದು ಬೇರೆ ಮಾತು.) ದೊರೆಗಳು ಕುಣಿದಾಡಿದರು. ಹೆಂಡತಿ ಹೂಗಿಡಕ್ಕೆ ನೀರು ಹಾಕುತ್ತಾ, "ಗೊತ್ತಿತ್ತು, ಅಪ್ಪನ ಪೆಟ್ಟಿಗೆಯಲ್ಲಿತ್ತು" ಅಂದರು.

ಆದರೆ ಕಾನೂನು ಕಠಿಣ. ಹೆಂಡತಿಯ ಲಾಂಛನ ಸೇರಿಸಿಕೊಳ್ಳಲು ಗಂಡನಿಗೆ ಮೊದಲು ಸ್ವಂತದ್ದೊಂದು ಇರಬೇಕು. ಲಾಂಛನ ಕುಲನಾಮಕ್ಕೆ ಸೇರಿದ್ದಲ್ಲ, ಪಡೆದ ವ್ಯಕ್ತಿಗೂ ಅವನ ಸಂತತಿಗೂ ಸೇರಿದ್ದು. ಅಂಗಡಿಯಲ್ಲಿ ಕೊಂಡು ಗೋಡೆಗೆ ನೇತುಹಾಕಿದ ಸಿಂಹ ಲೆಕ್ಕಕ್ಕಿಲ್ಲ. ಶುಲ್ಕ ಕಟ್ಟಿ ಅರ್ಜಿ ಹಾಕಿದರೆ ಹೆರಾಲ್ಡರ ಸಂಸ್ಥೆಯಾದ ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್ ಅರ್ಹರಿಗೆ ಈಗಲೂ ಹೊಸದು ಕೊಡುತ್ತದೆ. "ದುಡ್ಡು ಕೊಟ್ಟು ತರುವುದು ಹೊಸ ಶ್ರೀಮಂತರ ಚಾಳಿ" ಎಂದು ದೊರೆಗಳು ಮೂಗು ಮುರಿಯುತ್ತಾರೆ. ಸ್ಟ್ರಾಟ್‌ಫರ್ಡಿನಲ್ಲಿ ಕೈಗವಸು ಮಾಡುತ್ತಿದ್ದ ಜಾನ್ ಷೇಕ್ಸ್‌ಪಿಯರನಿಗೆ, ಅಂದರೆ ನಾಟಕಕಾರನ ಅಪ್ಪನಿಗೆ, 1596ರಲ್ಲಿ ಲಾಂಛನ ದೊರೆತದ್ದೂ ಅರ್ಜಿ ಹಾಕಿಯೇ.