ನೆಲ ಡೊಂಕು, ಮೋಡ ಡೊಂಕು

ನಮ್ಮ ಬ್ಯಾಟರ್‌ಗಳು ವಿಮಾನ ಹತ್ತುವಾಗ ಕಿಟ್‌ಬ್ಯಾಗಿನ ಜೊತೆ ನೆಪಗಳ ಗಂಟೊಂದನ್ನೂ ಕಟ್ಟಿಕೊಂಡಿರುತ್ತಾರೆ. ಹಸಿರು ಪಿಚ್, ಕವಿದ ಮೋಡ, ಕೈ ಮರಗಟ್ಟಿಸುವ ಚಳಿ, ಡ್ಯೂಕ್ಸ್ ಚೆಂಡಿನ ಉಬ್ಬಿದ ಹೊಲಿಗೆ. ಗಂಟು ಬಹಳ ಹಳೆಯದು. 1952ರಲ್ಲಿ ಲೀಡ್ಸ್‌ನಲ್ಲಿ ಒಂದೂ ರನ್ ಬರುವ ಮೊದಲೇ ನಾಲ್ಕು ವಿಕೆಟ್ ಹೋದಾಗಲೂ ಇದೇ ಗಂಟು. 1974ರಲ್ಲಿ ಲಾರ್ಡ್ಸ್‌ನಲ್ಲಿ 17 ಓವರಿಗೆ 42 ರನ್ನಿಗೆ ಮುಗಿದಾಗಲೂ ಇದೇ. ಗಾಯಗೊಂಡಿದ್ದ ನಮ್ಮ ಚಂದ್ರಶೇಖರ್ ಅಂದು ಬ್ಯಾಟ್ ಹಿಡಿಯಲಿಲ್ಲ. ಟೆಸ್ಟ್‌ನಲ್ಲಿ ಹೊಡೆದ ರನ್ನಿಗಿಂತ ಕಿತ್ತ ವಿಕೆಟ್ಟೇ ಹೆಚ್ಚಾಗಿದ್ದ ಮನುಷ್ಯ. ಹಿಡಿದಿದ್ದರೆ ಏನಾಗುತ್ತಿತ್ತು ಎಂಬ ಲೆಕ್ಕ ಬೇಡ ಬಿಡಿ. 2020ರಲ್ಲಿ ಅಡಿಲೇಡ್‌ನಲ್ಲಿ 36. ಒಬ್ಬರೂ ಎರಡಂಕಿ ಕಾಣಲಿಲ್ಲ. ಇತರೆ ರನ್ ಸೊನ್ನೆ. ಆಸ್ಟ್ರೇಲಿಯಾದವರು ಒಂದು ಬೈ ಕೂಡ ದಾನ ಮಾಡಲಿಲ್ಲ.

ಅಷ್ಟಕ್ಕೂ ಈ ಹೊಲಿಗೆಯ ಆಟ, ಅಂದರೆ ಸೀಮ್, ಎಂದರೇನು? ಚೆಂಡು ಹೊಲಿಗೆಯ ಮೇಲೆ ಬಿದ್ದು ಒಂದೆರಡು ಬೆರಳಿನಷ್ಟು ಅತ್ತಲೋ ಇತ್ತಲೋ ಸರಿಯುತ್ತದೆ. ಎತ್ತ ಎಂಬುದು ಎಷ್ಟೋ ಸಲ ಬೌಲರ್‌ಗೇ ಗೊತ್ತಿರುವುದಿಲ್ಲ. ತಾಳ್ಮೆಯಿಂದ ಬಿಟ್ಟರೆ ಅದರ ಪಾಡಿಗೆ ಅದು ಕೀಪರ್ ಕೈ ಸೇರುತ್ತದೆ. ಆದರೆ ನಮ್ಮವರ ಕೈಗಳು, ಹಬ್ಬಕ್ಕೆ ಬರುವ ನೆಂಟನನ್ನು ಬಸ್‌ಸ್ಟ್ಯಾಂಡಿಗೇ ಹೋಗಿ ಎದುರುಗೊಳ್ಳುವ ಹಾಗೆ, ಮುಂದಕ್ಕೆ ಓಡುತ್ತವೆ. ನೆಂಟ ಬ್ಯಾಟಿನ ಅಂಚು ಸವರಿ ಸ್ಲಿಪ್‌ನವರ ಮನೆಗೆ ಊಟಕ್ಕೆ ಹೋಗುತ್ತಾನೆ.

2002ರಲ್ಲಿ ಅದೇ ಲೀಡ್ಸ್‌ನಲ್ಲಿ ರಾಹುಲ್ ದ್ರಾವಿಡ್ 148 ಹೊಡೆದರು. ಆಫ್ ಸ್ಟಂಪಿನ ಆಚೆಯ ಚೆಂಡನ್ನು ಅವರು ಬಾಗಿಲಿಗೆ ಬಂದ ಮಾರಾಟಗಾರನಂತೆ ಕಂಡವರು: ಪೂರ್ತಿ ನೋಡುವುದು, ಬೇಡ ಎಂದು ಕಳಿಸುವುದು. ಈಗ ಆ ವಿದ್ಯೆಗೆ ಗಿರಾಕಿಯಿಲ್ಲ. ಐಪಿಎಲ್ ಹರಾಜಿನಲ್ಲಿ ಚೆಂಡು ಬಿಡುವವನಿಗೆ ಯಾರು ಕೈಯೆತ್ತುತ್ತಾರೆ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕನ್ನಡದ ಮೊದಲ ಪಿಚ್ ರಿಪೋರ್ಟ್ ಅದೇ ಇರಬೇಕು. ಆದರೆ 2024ರ ಅಕ್ಟೋಬರ್ 17ರಂದು ಚಿನ್ನಸ್ವಾಮಿಯಲ್ಲಿ ನೆಲ ನಮ್ಮದು, ಎಸ್‌ಜಿ ಚೆಂಡು ನಮ್ಮದು, ಟಾಸ್ ನಮ್ಮದು, ಬ್ಯಾಟಿಂಗ್ ಆಯ್ಕೆಯೂ ನಮ್ಮದೇ. ಹಿಂದಿನ ದಿನದ ಆಟವನ್ನು ಪೂರ್ತಿ ತೊಳೆದುಹಾಕಿದ್ದ ಮೋಡವೂ ಅಪ್ಪಟ ಬೆಂಗಳೂರಿನದು. ಸ್ಕೋರು 46. ನ್ಯೂಜಿಲೆಂಡಿನ ಮ್ಯಾಟ್ ಹೆನ್ರಿಗೆ 15 ರನ್ನಿಗೆ ಐದು ವಿಕೆಟ್. ಸೊನ್ನೆ ಸುತ್ತಿದವರು ಐವರು. ಅವರಲ್ಲಿ ಮನೆಮಗ ಕೆ.ಎಲ್. ರಾಹುಲ್ ಕೂಡ ಒಬ್ಬರು. ಪಿಚ್ ಓದುವುದರಲ್ಲಿ ಎಡವಿದೆ ಎಂದು ನಾಯಕ ರೋಹಿತ್ ಶರ್ಮಾ ಒಪ್ಪಿಕೊಂಡರು. ಗಂಟು ಬಿಚ್ಚದೆ ಮಾತಾಡಿದ್ದಕ್ಕೆ ಅವರಿಗೊಂದು ನಮಸ್ಕಾರ.

ಅದೇ ನೆಲದಲ್ಲಿ ನ್ಯೂಜಿಲೆಂಡಿನ ರಚಿನ್ ರವೀಂದ್ರ 134 ಬಾರಿಸಿದರು. ಅವರ ತಂದೆ ತಾಯಿ ಬೆಂಗಳೂರಿನವರು. ಹಾಗಾದರೆ ಆ ಟೆಸ್ಟ್‌ನಲ್ಲಿ ಪ್ರವಾಸಿ ತಂಡ ಯಾವುದು?

ಸೀಮ್ ಸಹವಾಸವೇ ಬೇಡ ಎನ್ನುವಂತೆ ಸರಣಿಯ ಮುಂದಿನ ಟೆಸ್ಟ್‌ಗಳಿಗೆ ಪುಣೆ, ಮುಂಬೈಗಳಲ್ಲಿ ನಮಗೆ ತೊಟ್ಟಿಲಿಂದಲೇ ಪರಿಚಯವಿರುವ ಸ್ಪಿನ್ ಪಿಚ್‌ಗಳು ಸಿದ್ಧವಾದವು. ಪುಣೆಯಲ್ಲಿ ಸ್ಯಾಂಟ್ನರ್ 13 ವಿಕೆಟ್ ಕಿತ್ತರು. ಮುಂಬೈಯಲ್ಲಿ ಎಜಾಜ್ ಪಟೇಲ್ 11. ಅವರು ಹುಟ್ಟಿದ್ದು ಮುಂಬೈಯಲ್ಲೇ. ಸರಣಿ 3-0, ನ್ಯೂಜಿಲೆಂಡಿಗೆ.