ಸಂತೆಗೆ ಯಾವ ಕಪಾಟು?

ಪರಮಾಣುವಿನ ಮೇಲೆ ಸಂಶೋಧನೆ ಮಾಡುತ್ತೇನೆಂದು ಹೊರಟವರನ್ನು ಮನೆಯಲ್ಲಿ ಯಾರೂ ಕೆಣಕುವುದಿಲ್ಲ. ತಮಗೆ ಗೊತ್ತಿಲ್ಲದ ವಿಷಯ, ದೊಡ್ಡದೇ ಇರಬೇಕು ಎಂದು ಅವರಿಗೆ ಕಾಫಿಯ ಜೊತೆ ಎರಡು ಕೋಡುಬಳೆ ಹೆಚ್ಚಿಗೆ ಸಿಗುತ್ತವೆ. ಸಮಾಜ ವಿಜ್ಞಾನದವರಿಗೆ ಆ ಭಾಗ್ಯವಿಲ್ಲ. ಮದುವೆ, ಜಾತಿ, ಸಾಲ, ಚುನಾವಣೆ, ಹೀಗೆ ಅವರು ಯಾವುದನ್ನು ಮುಟ್ಟಿದರೂ ಅದರಲ್ಲಿ ಮನೆಮಂದಿಯೆಲ್ಲ ಆಗಲೇ ಪಂಡಿತರು. ನಮ್ಮಣ್ಣನ ಮಗಳು ಕರ್ನಾಟಕದ ವಾರದ ಸಂತೆಗಳ ಮೇಲೆ ಪಿಎಚ್.ಡಿ. ಮಾಡುತ್ತೇನೆ ಅಂದಾಗ ನಮ್ಮತ್ತಿಗೆ ಕೈಲಿದ್ದ ಸೌಟು ಕೆಳಗಿಡದೆ, "ಅದಕ್ಕೆ ಯೂನಿವರ್ಸಿಟಿ ಯಾಕೇ? ಮಂಗಳವಾರ ಬ್ಯಾಗ್ ಹಿಡ್ಕೊಂಡು ನನ್ ಜೊತೆ ಬಾ" ಅಂದರು.

ಗೈಡ್ ಮೇಷ್ಟರು ಬೇರೆ ದಾರಿ ತೋರಿಸಿದರು. ಸಂತೆಗೆ ಆಮೇಲೆ ಹೋಗಬಹುದು, ಮೊದಲು ಲೈಬ್ರರಿಗೆ ಹೋಗಿ ಈ ವಿಷಯದಲ್ಲಿ ಯಾರ್ಯಾರು ಏನೇನು ಬರೆದಿದ್ದಾರೆ ನೋಡಿಕೊಂಡು ಬಾ ಎಂದರು. ಇದಕ್ಕೆ ಲಿಟರೇಚರ್ ರಿವ್ಯೂ ಎಂದು ಹೆಸರು. ಕಥೆ ಕವನ ಓದುವ ಕೆಲಸವಿರಬೇಕೆಂದು ನಮ್ಮಣ್ಣ ಖುಷಿಪಟ್ಟ. ಹುಡುಗಿ ನನ್ನ ಕಡೆ ತಿರುಗಿ, "ಚಿಕ್ಕಪ್ಪ, ನೀವೂ ಬನ್ನಿ. ನಿಮಗೆ ಹೆಂಗೂ ರಿಟೈರಾಗಿದೆ" ಅಂದಳು. ನಿವೃತ್ತರನ್ನು ಕರೆಯುವ ರೀತಿಯೇ ಅದು.

ಸಂತೆ ಯಾವ ಕಪಾಟಿನಲ್ಲಿದೆ? ಇದು ಸಣ್ಣ ಪ್ರಶ್ನೆಯೇನಲ್ಲ. ಅಮೆರಿಕದ ಮೆಲ್ವಿಲ್ ಡ್ಯೂಯಿ ಎಂಬಾತ 1876ರಲ್ಲಿ ಜಗತ್ತಿನ ತಿಳಿವಳಿಕೆಯನ್ನೆಲ್ಲ ಹತ್ತು ಪಾಲು ಮಾಡಿ ಹಂಚಿದ. ಸಮಾಜ ವಿಜ್ಞಾನದ ಪಾಲಿಗೆ ಬಂದದ್ದು 300ರಿಂದ 399. ಆ ನೂರರೊಳಗೇ ನಮ್ಮ ಸಂತೆಯೂ ಎಲ್ಲೋ ಇರಬೇಕಲ್ಲ? ಇದೆ, ಆದರೆ ಒಂದು ಕಡೆ ಇಲ್ಲ. ಸೊಪ್ಪು ಮಾರುವ ಅಜ್ಜಿಯನ್ನೇ ತೆಗೆದುಕೊಳ್ಳಿ. ಹೆಂಗಸಾದ್ದರಿಂದ ಆಕೆ 305ರಲ್ಲಿ, ದುಡಿಯುವುದರಿಂದ 331ರಲ್ಲಿ, ಸಾಲ ಮಾಡಿರುವುದರಿಂದ 332ರಲ್ಲಿ, ವ್ಯಾಪಾರ ಮಾಡುವುದರಿಂದ 381ರಲ್ಲಿ. ಚೌಕಾಸಿಗೆ ನಿಂತವರ ಬಾಯಿ ಮುಚ್ಚಿಸಲು ಆಕೆ ಬಿಡುವ ಗಾದೆ 398ರಲ್ಲಿ. ಸಂತೆಯಲ್ಲಿ ಗೋಣಿಚೀಲದ ಮೇಲೆ ಒಬ್ಬಳೇ ಕೂತಿದ್ದವಳು ಗ್ರಂಥಾಲಯದಲ್ಲಿ ಐದು ಕಡೆ ಹಂಚಿಹೋಗಿದ್ದಾಳೆ. ಊರಿನ ಚರಿತ್ರೆ ಬೇಕೆಂದರೆ ಇನ್ನೊಂದು ಅಂತಸ್ತು ಹತ್ತಿ 954ಕ್ಕೆ ಹೋಗಬೇಕು. ಸಮಾಜ ವಿಜ್ಞಾನದವರಿಗೆ ಮಂಡಿನೋವು ಬೇಗ ಬರುವುದಕ್ಕೆ ಇದೇ ಕಾರಣ ಎಂದು ನನ್ನ ಗುಮಾನಿ.

ಈ ತೊಂದರೆಯನ್ನು ಸರಿಯಾಗಿ ಕಂಡವರು ನಮ್ಮ ಎಸ್.ಆರ್. ರಂಗನಾಥನ್. ಅವರು ಗಣಿತದ ಮೇಷ್ಟರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ ಹೋಗಿ ಕೂತರೆ ಮಾತಾಡಿಸುವವರಿಲ್ಲ, ಕೆಲಸವೂ ಹೆಚ್ಚಿಲ್ಲ. ಕೆಲವೇ ದಿನಗಳಲ್ಲಿ ಬೇಸತ್ತು, ನನಗೆ ಪಾಠ ಹೇಳುವ ಕೆಲಸವೇ ಇರಲಿ ಎಂದು ಕಾಲೇಜಿನ ಪ್ರಿನ್ಸಿಪಾಲರ ಬಳಿ ಓಡಿದರಂತೆ. ಮೊದಲು ಲಂಡನ್ನಿಗೆ ಹೋಗಿ ಆ ಶಾಸ್ತ್ರ ಕಲಿತು ಬನ್ನಿ, ಆಮೇಲೂ ಬೇಡವೆನಿಸಿದರೆ ವಾಪಸು ಬರುವಿರಂತೆ ಎಂದು ಸಮಾಧಾನ ಹೇಳಿ ಕಳಿಸಿದರು. ಲಂಡನ್ನಿನ ಅಂಗಡಿಯೊಂದರಲ್ಲಿ ಅವರು ಮೆಕ್ಯಾನೊ ಎಂಬ ಆಟದ ಸಾಮಾನು ನೋಡಿದರು. ಪಟ್ಟಿ, ಚಕ್ರ, ಬೋಲ್ಟು, ನಟ್ಟು ಅವೇ. ಜೋಡಿಸಿದಂತೆ ಗಾಡಿಯೂ ಆಗುತ್ತದೆ, ಕ್ರೇನೂ ಆಗುತ್ತದೆ. ಪುಸ್ತಕಕ್ಕೆ ಮೊದಲೇ ಗೂಡು ಕಟ್ಟಿಡುವ ಬದಲು ಅದರ ವಿಷಯವನ್ನು ಬಿಡಿಬಿಡಿಯಾಗಿ ಬಿಚ್ಚಿ ಮತ್ತೆ ಯಾಕೆ ಜೋಡಿಸಬಾರದು ಎಂದು ಹೊಳೆದದ್ದು ಆಗಲೇ. 1933ರಲ್ಲಿ ಪ್ರಕಟವಾದ ಅವರ ಕೋಲನ್ ವರ್ಗೀಕರಣದಲ್ಲಿ ಅರ್ಥಶಾಸ್ತ್ರಕ್ಕೆ ಎಕ್ಸ್, ಸಮಾಜಶಾಸ್ತ್ರಕ್ಕೆ ವೈ, ಭಾರತಕ್ಕೆ 44. ಏನು, ಯಾರು, ಎಲ್ಲಿ, ಯಾವಾಗ ಎಂಬುದೆಲ್ಲ ಒಂದೇ ಸಂಖ್ಯೆಯೊಳಗೆ ಕೂರುತ್ತದೆ. ಕೊನೆಗಾಲದಲ್ಲಿ ಅವರು ಬೆಂಗಳೂರಿನಲ್ಲೇ ನೆಲೆಸಿ, 1962ರಲ್ಲಿ ಇಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿ, 1972ರಲ್ಲಿ ಇಲ್ಲೇ ತೀರಿಕೊಂಡರು. ಇಷ್ಟಾದರೂ ನಮ್ಮ ಬಹುಪಾಲು ಗ್ರಂಥಾಲಯಗಳು ಡ್ಯೂಯಿಯನ್ನೇ ನೆಚ್ಚಿಕೊಂಡಿವೆ. ಹಿತ್ತಲ ಗಿಡದ ಗಾದೆಯನ್ನು ಇಲ್ಲಿ ನಾನು ಹೇಳುವುದಿಲ್ಲ. ಅದು 398ರಲ್ಲಿ ಸಿಗುತ್ತದೆ.

ಕಪಾಟು ಬಿಟ್ಟು ಕ್ಯಾಟಲಾಗಿಗೆ ಬಂದರೆ ಅಲ್ಲಿಯ ತಮಾಷೆಯೇ ಬೇರೆ. ಈಗ ಕಾರ್ಡಿನ ಡ್ರಾಯರುಗಳು ಹೋಗಿ ಕಂಪ್ಯೂಟರು ಬಂದಿದೆ. ಹುಡುಗಿ 'ಸಂತೆ' ಎಂದು ಒತ್ತಿದಳು, ಕಾದಂಬರಿಗಳು ಬಂದವು. ಭೂಗೋಳದವರು ಇದನ್ನೇ ಪೀರಿಯಾಡಿಕ್ ಮಾರ್ಕೆಟ್ ಅನ್ನುತ್ತಾರೆ, ಮದ್ರಾಸಿನ ಹಳೆ ಕಡತಗಳಲ್ಲಿ ಅದು ಶಾಂಡಿ, ಉತ್ತರದವರಿಗೆ ಹಾಟ್. ಒಂದೊಂದಾಗಿ ಒತ್ತಿದ ಮೇಲೆ ಪರದೆ ತುಂಬಿತು.

ಆದರೂ ಬಹಳ ಮುಖ್ಯವಾದವು ಅದರಲ್ಲಿ ಬರಲಿಲ್ಲ, ಯಾಕೆಂದರೆ ಸಮಾಜ ವಿಜ್ಞಾನದ ಅರ್ಧ ಬಂಡವಾಳ ಇರುವುದು ಸರ್ಕಾರದ ವರದಿಗಳಲ್ಲಿ, ಮತ್ತು ಸರ್ಕಾರ ಎಂಬ ಲೇಖಕ ತನ್ನದೇ ಹೆಸರಲ್ಲಿ ಬರೆಯುತ್ತದೆ. ಕ್ಯಾಟಲಾಗಿನಲ್ಲಿ 'ಇಂಡಿಯಾ' ಎಂಬ ಲೇಖಕರಿದ್ದಾರೆ, 'ಮೈಸೂರು' ಎಂಬ ಲೇಖಕರಿದ್ದಾರೆ. ಇಬ್ಬರೂ ಬರೆದಷ್ಟು ಇನ್ಯಾರೂ ಬರೆದಿಲ್ಲ, ಇಬ್ಬರಿಗೂ ಯಾವ ಅಕಾಡೆಮಿಯೂ ಸನ್ಮಾನ ಮಾಡಿಲ್ಲ. ಊರೆಲ್ಲ ಹಾವನೂರು ವರದಿ ಎಂದು ಕರೆಯುವ 1975ರ ದಾಖಲೆಯನ್ನು ಹಾವನೂರರ ಹೆಸರಲ್ಲಿ ಹುಡುಕಿದರೆ ಸಿಗದೆ ಹೋಗಬಹುದು. ಅದು 'ಕರ್ನಾಟಕ' ಎಂಬ ಲೇಖಕರ ಪಟ್ಟಿಯಲ್ಲಿ ಹಿಂದುಳಿದ ವರ್ಗಗಳ ಆಯೋಗದ ಹೆಸರಿನ ಕೆಳಗೆ ಕೂತಿರುತ್ತದೆ. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯದಾದರೆ 'ಮೈಸೂರು'. ರಾಜ್ಯದ ಹೆಸರು ಬದಲಾದದ್ದು 1973ರ ನವೆಂಬರ್ 1ಕ್ಕೆ. ಲೇಖಕರ ಹೆಸರೂ ಅದರೊಡನೆ ಬದಲಾಯಿತು.

ಜನಗಣತಿಯ ಪುಸ್ತಕಗಳದು ಇನ್ನೂ ದೊಡ್ಡ ಕಥೆ. ಜನಗಣತಿ ಎಂದರೆ ತಲೆ ಎಣಿಸುವುದು ಎಂದೇ ನಾವು ತಿಳಿದಿದ್ದೇವೆ. 1961ರ ಗಣತಿಯ ಹೊಣೆ ಹೊತ್ತಿದ್ದ ಅಶೋಕ್ ಮಿತ್ರ ಅಷ್ಟಕ್ಕೇ ಬಿಡುವವರಾಗಿರಲಿಲ್ಲ. ಆಯ್ದ ಹಳ್ಳಿಗಳ ಮನೆ, ಉಡುಪು, ಊಟ, ಸಾಲವನ್ನೆಲ್ಲ ವಿವರಿಸುವ ಹಳ್ಳಿ ಸಮೀಕ್ಷೆಗಳನ್ನು ಬರೆಸಿದರು. ಜಾತ್ರೆ ಹಬ್ಬಗಳ ಮೇಲೇ ಬೇರೆ ಸಂಪುಟಗಳನ್ನು ತೆಗೆಸಿದರು. ಜಿಲ್ಲಾ ಜನಗಣತಿ ಕೈಪಿಡಿಗಳ ಗ್ರಾಮಸೂಚಿಯಲ್ಲಿ, 1981ರದ್ದನ್ನು ತೆಗೆದು ನೋಡಿ, ಪ್ರತಿ ಊರಿನ ಎದುರಿಗೆ ಸಂತೆ ಯಾವ ವಾರ ಎಂದು ಒಂದು ಅಂಕಣವೇ ಇದೆ. ಸಂತೆಯ ಮೇಲೆ ಪಿಎಚ್.ಡಿ. ಮಾಡುವವರಿಗೆ ಇದು ನಿಧಿ. ಆದರೆ ನಿಧಿಯ ಮೇಲೆ 'ಭಾರತದ ಜನಗಣತಿ, ಸಂಪುಟ ಇಷ್ಟು, ಭಾಗ ಇಷ್ಟು' ಎಂದಷ್ಟೇ ಬರೆದಿರುತ್ತದೆ. ಊರಿನ ಹೆಸರು ಹಾಕಿ ಹುಡುಕಿದರೆ ಕಂಪ್ಯೂಟರು ಕೈ ಆಡಿಸುತ್ತದೆ.

ಆಗ ನೆರವಿಗೆ ಬಂದವರು ಅಟೆಂಡರು. ಗ್ರಂಥಾಲಯ ಯಾವುದೆಂದು ಹೇಳುವುದು ಬೇಡ. "ಬೂದಿ ಬಣ್ಣದ ರಟ್ಟು, ಬೆನ್ನು ಹರಿದಿರೋದಲ್ವಾ ಮೇಡಂ? ಮೆಟ್ಟಿಲ ಕೆಳಗೆ ಇಟ್ಟಿದೀವಿ. ಯಾರೂ ಕೇಳಲ್ಲ ಅಂತ" ಎಂದು ಟಾರ್ಚ್ ಹಿಡಿದು ಹೊರಟರು. ಧೂಳಿನ ಜೊತೆ ಒಂದೊಂದಾಗಿ ಜಿಲ್ಲೆಗಳು ಹೊರಬಂದವು. ತುಮಕೂರು ಕಾಣಲಿಲ್ಲ. ಆಮೇಲೆ ನೋಡಿದರೆ ಅದು ಓದುವ ಕೋಣೆಯಲ್ಲಿ ಕಿಟಕಿ ಬಾಗಿಲು ಬಡಿಯದಂತೆ ತಡೆಯುವ ಸರ್ಕಾರಿ ಸೇವೆಯಲ್ಲಿತ್ತು. ಅದರ ಜಾಗಕ್ಕೆ ಒಂದು ಇಟ್ಟಿಗೆಯನ್ನು ನೇಮಿಸಿ ಬಿಡಿಸಿಕೊಂಡು ಬಂದೆವು. ನನ್ನ ತೀರ್ಮಾನ ಕೇಳಿದರೆ, ಸಂಶೋಧಕರು ಗೈಡನ್ನು ಆರಿಸಿಕೊಳ್ಳುವ ಮೊದಲು ಅಟೆಂಡರನ್ನು ಪರಿಚಯ ಮಾಡಿಕೊಳ್ಳಬೇಕು. ಪುಸ್ತಕದ ಬಣ್ಣ ಯಾವುದು, ಯಾವ ಪ್ರೊಫೆಸರ್ ಅದನ್ನು ಒಯ್ದು ವಾಪಸು ತಂದಿಲ್ಲ ಎಂಬುದೆಲ್ಲ ಅವರ ತಲೆಯಲ್ಲಿರುತ್ತದೆ. ಅವರು ನಿವೃತ್ತರಾದ ದಿನ ಒಂದು ಹಾರ ಹಾಕಿ ಆ ಕ್ಯಾಟಲಾಗನ್ನು ಮನೆಗೆ ಕಳಿಸಿಬಿಡುತ್ತೇವೆ.

ಕರ್ನಾಟಕದ ಮೇಲೆ ಸಂಶೋಧನೆ ಮಾಡುವವರು ಇನ್ನೊಂದು ವಿಷಯ ನೆನಪಿಡಬೇಕು: 1956ಕ್ಕೆ ಮುಂಚೆ ಕರ್ನಾಟಕ ಒಂದೇ ಕಡೆ ಇರಲಿಲ್ಲ, ಅದರ ಕಾಗದಗಳೂ ಇಲ್ಲ. ಮೈಸೂರು ಸೀಮೆಗೆ ರೈಸ್ ಸಾಹೇಬರ ಗೆಜೆಟಿಯರು, ಆಮೇಲೆ ಹಯವದನರಾಯರದು. ಧಾರವಾಡದ ಸಂತೆ ಬೇಕಾದರೆ ಮುಂಬಯಿ ಪ್ರಾಂತದ ಗೆಜೆಟಿಯರಿಗೆ ಹೋಗಬೇಕು. ಕ್ಯಾಂಪ್‌ಬೆಲ್ ಸಂಪಾದಿಸಿದ ಆ ಸರಣಿಯಲ್ಲಿ ಧಾರವಾಡದ ಸಂಪುಟ 1884ರದು. ಯಾವ ಊರಲ್ಲಿ ಏನು ಮಾರುತ್ತಿದ್ದರು ಎಂಬುದಕ್ಕೆ ವ್ಯಾಪಾರದ ಅಧ್ಯಾಯವೇ ಇದೆ. ಮಂಗಳೂರಿನದು ಮದ್ರಾಸಿನ ಕೈಪಿಡಿಗಳಲ್ಲಿ, ಕಲಬುರಗಿಯದು ಹೈದರಾಬಾದಿನ ನಿಜಾಮರ ದಫ್ತರದಲ್ಲಿ. ಕೊಡಗಿನದು ಬೇರೆಯೇ. ಇವರಿಗೆಲ್ಲ ಮುಂಚೆ ಬುಕಾನನ್ ಇದ್ದಾನೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ ಹೊರಟು ಮೈಸೂರು, ಕೆನರಾ, ಮಲಬಾರು ಸುತ್ತಿದ ಡಾಕ್ಟರು. ಕಂಡವರನ್ನೆಲ್ಲ ನಿಲ್ಲಿಸಿ ತೂಕ, ಅಳತೆ, ಬೆಲೆ, ಬೆಳೆ, ಜಾತಿ ಕೇಳಿ ಬರೆದುಕೊಂಡು 1807ರಲ್ಲಿ ಮೂರು ಸಂಪುಟ ಹಾಕಿದ. ಅವನಿಗೆ ಲಿಟರೇಚರ್ ರಿವ್ಯೂ ಮಾಡು ಎನ್ನುವ ಗೈಡ್ ಇರಲಿಲ್ಲ. ಯಾರ ಸರ್ಕಾರಕ್ಕಾಗಿ ಬರೆದ ಎಂಬುದನ್ನು ಮಾತ್ರ ಓದುವವರು ಮರೆಯಬಾರದು.

ಇಷ್ಟೆಲ್ಲ ಓಡಾಟ ಯಾಕೆ, ಮೊಬೈಲಿನಲ್ಲೇ ಎಲ್ಲ ಸಿಗುತ್ತದಲ್ಲ ಎನ್ನುವವರಿದ್ದಾರೆ. ಬೇಕಾದಷ್ಟು ಸಿಗುತ್ತದೆ, ಸುಳ್ಳಲ್ಲ. ಹಳೆಯ ಗೆಜೆಟಿಯರುಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಹಾಕಿದ್ದಾರೆ. ಹೆಸರು ಟೈಪು ಮಾಡಿದವರು ಅವಸರದಲ್ಲಿದ್ದರೆಂದು ಕಾಣುತ್ತದೆ. ಅಕ್ಷರಗಳು ತಮಗೆ ಬೇಕಾದ ಕಡೆ ಕೂತಿವೆ, ಎಷ್ಟೋ ಪುಸ್ತಕಗಳಿಗೆ ಲೇಖಕರ ಜಾಗದಲ್ಲಿ 'ನಾಟ್ ಅವೈಲಬಲ್' ಎಂದಿದೆ. 'ಇಂಡಿಯಾ', 'ಮೈಸೂರು' ಇಬ್ಬರನ್ನೂ ಹಿಂದೆ ಹಾಕಬಲ್ಲ ಲೇಖಕರು ಇವರೊಬ್ಬರೇ. ಇನ್ನು ಶೋಧಗಂಗಾ ಇದೆ, ದೇಶದ ವಿಶ್ವವಿದ್ಯಾನಿಲಯಗಳ ಪಿಎಚ್.ಡಿ. ಪ್ರಬಂಧಗಳೆಲ್ಲ ಬಂದು ಸೇರುವ ಜಾಗ. ಅಲ್ಲಿ ಪ್ರಬಂಧವನ್ನು ಹಿಂದಿನಿಂದ ಓದಬೇಕೆಂದು ನನ್ನ ಸಲಹೆ. ಕೊನೆಯ ಗ್ರಂಥಋಣದ ಪಟ್ಟಿ ನೋಡಿದರೆ ಅವರು ಯಾವ ಮೆಟ್ಟಿಲ ಕೆಳಗೆ ನುಗ್ಗಿದ್ದರು ಎಂದು ಗೊತ್ತಾಗುತ್ತದೆ. ಇನ್ನೊಬ್ಬರ ಸಾಲವನ್ನು ನಾವು ವಹಿಸಿಕೊಂಡು ಲಾಭ ಮಾಡಿಕೊಳ್ಳಬಹುದಾದ ವ್ಯವಹಾರ ಇದೊಂದೇ.

2025ರ ಜನವರಿಯಿಂದ 'ಒಂದು ದೇಶ ಒಂದು ಚಂದಾ' ಬಂದಿದೆ. ಕೇಂದ್ರ ಸರ್ಕಾರ ಮೂರು ವರ್ಷಕ್ಕೆ 6000 ಕೋಟಿ ರೂಪಾಯಿ ತೆಗೆದಿಟ್ಟು, 30 ಪ್ರಕಾಶಕರ ಸುಮಾರು 13000 ನಿಯತಕಾಲಿಕೆಗಳನ್ನು ಸರ್ಕಾರಿ ಕಾಲೇಜು, ವಿಶ್ವವಿದ್ಯಾನಿಲಯಗಳಿಗೆ ತೆರೆದಿದೆ. ಹಿಂದೆ ದೊಡ್ಡ ಸಂಸ್ಥೆಗಳವರಿಗಷ್ಟೇ ಸಿಗುತ್ತಿದ್ದದ್ದು ಈಗ ಸಣ್ಣ ಊರಿನ ಹುಡುಗರಿಗೂ ಸಿಗುತ್ತದೆ, ಒಳ್ಳೆಯ ಕೆಲಸ. ಹಾಗೆ ಹುಡುಕುವಾಗಲೇ ನಮ್ಮ ಹುಡುಗಿಗೆ ಸ್ಕಿನ್ನರ್ ಸಿಕ್ಕಿದ್ದು. ಜಿ. ವಿಲಿಯಂ ಸ್ಕಿನ್ನರ್ ಚೀನಾದ ಸಿಚುವಾನ್ ಕಡೆಯ ಸಂತೆಗಳನ್ನು ನೋಡಿ 1964-65ರಲ್ಲಿ ಮೂರು ಕಂತಿನಲ್ಲಿ ಬರೆದ ಲೇಖನ ಈ ವಿಷಯದಲ್ಲಿ ಬಹಳ ಹೆಸರಾದದ್ದು. ರೈತನ ಪ್ರಪಂಚ ಅವನ ಹಳ್ಳಿಗೆ ಮುಗಿಯುವುದಿಲ್ಲ, ಅವನು ಹೋಗುವ ಸಂತೆಯ ವ್ಯಾಪ್ತಿಯೇ ಅವನ ಪ್ರಪಂಚ. ಸೊಸೆಯನ್ನು ಹುಡುಕುವುದೂ ಅದರೊಳಗೇ ಎಂಬುದು ಅದರ ತಿರುಳು. ಹುಡುಗಿ ಸಂಭ್ರಮದಿಂದ ಇದನ್ನು ಮನೆಯಲ್ಲಿ ಓದಿ ಹೇಳಿದಳು. ಅತ್ತಿಗೆ ಅವರೆಕಾಯಿ ಸುಲಿಯುತ್ತಾ, "ಇದನ್ನ ತಿಳ್ಕೊಳ್ಳೋಕೆ ಚೀನಾಕ್ ಹೋಗಿದ್ನಾ ಅವ್ನು? ನಿಮ್ಮಪ್ಪನ ಸಂಬಂಧ ನಮ್ಮಪ್ಪಂಗೆ ಗೊತ್ತಾಗಿದ್ದೇ ಸಂತೇಲಿ. ಟೊಮ್ಯಾಟೊ ತೂಗಿಸ್ಕೋತಾ ಮಾತಾಡಿದ್ರಂತೆ" ಅಂದರು. ಅಣ್ಣ ಪೇಪರಿನಿಂದ ತಲೆ ಎತ್ತಲಿಲ್ಲ. ಹುಡುಗಿ ಬರೆದುಕೊಂಡಳು, ಈಗ ಅತ್ತಿಗೆ ಅವಳ ಪ್ರಬಂಧದಲ್ಲಿ 'ಮಾಹಿತಿದಾರರು, ಸ್ತ್ರೀ, 58' ಆಗಿದ್ದಾರೆ.

ಅದೇ ಸಂಭ್ರಮದಲ್ಲಿ ಅವಳಿಗೊಂದು ಸೋಮಾರಿ ಯೋಚನೆಯೂ ಬಂತು. ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯಲ್ಲಿದ್ದು ಮಾಡಿಕೊಂಡ ಟಿಪ್ಪಣಿಗಳನ್ನು ವರ್ಷಗಟ್ಟಲೆ ತಿದ್ದಿ ತೀಡಿ ಇಟ್ಟಿದ್ದರು. 1970ರ ಏಪ್ರಿಲಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಯಾರೋ ಬೆಂಕಿಯಿಟ್ಟಾಗ ಆ ತಿದ್ದಿದ ಪ್ರತಿಗಳು ಸುಟ್ಟುಹೋದವು. ಅವರು ಹೆಚ್ಚಾಗಿ ನೆನಪಿನಿಂದಲೇ ಆ ಹಳ್ಳಿಯ ಪುಸ್ತಕ ಬರೆದರು, 1976ರಲ್ಲಿ ಹೊರಬಂತು, ಪ್ರಸಿದ್ಧವಾಯಿತು. "ನಾನೂ ನೆನಪಿಂದಲೇ ಬರೆದುಬಿಡ್ಲಾ ಚಿಕ್ಕಪ್ಪ?" ಎಂದಳು. ಮೊದಲು ನೆನಪಿಡುವಷ್ಟು ಓದು ಎಂದೆ.

ಹುಡುಕಿದ್ದು ಮಾತ್ರ ಸಿಗುವುದಿಲ್ಲ, ಹುಡುಕದೇ ಇದ್ದದ್ದೂ ಸಿಗುತ್ತದೆ ಎಂಬುದಕ್ಕೆ ಮೈಸೂರಿಗಿಂತ ಒಳ್ಳೆಯ ಸಾಕ್ಷಿಯಿಲ್ಲ. 1891ರಲ್ಲಿ ಶುರುವಾದ ಅಲ್ಲಿಯ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ಒಂದು ತಾಳೆಗರಿಯ ಕಟ್ಟು ತಂದುಕೊಟ್ಟರು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿದರೆ ಅದು ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಅದು ಅಚ್ಚಾಯಿತು. ಸುಂಕ ವಸೂಲಿಯ ಅಧಿಕಾರಿ ಏನು ಮಾಡಬೇಕೆಂದು ಅದರಲ್ಲಿ ಒಂದು ಅಧ್ಯಾಯವಿದೆ. ಸಂತೆಯ ಸುಂಕದ ಬಗ್ಗೆ ಬರೆಯುವವರು ಯಾರೂ ಅದನ್ನು ಉಲ್ಲೇಖಿಸದೆ ಬಿಡುವುದಿಲ್ಲ. ಆ ಪಂಡಿತರು ಕಟ್ಟನ್ನು ತಮ್ಮ ಅಟ್ಟದಲ್ಲೇ ಇಟ್ಟುಕೊಂಡಿದ್ದರೆ ಗೆದ್ದಲಿಗೆ ಅರ್ಥಶಾಸ್ತ್ರ ಬಾಯಿಪಾಠವಾಗುತ್ತಿತ್ತು.

ಕೌಟಿಲ್ಯನ ಸುಂಕ ಸಿಕ್ಕಿತು, ನಮ್ಮ ಹೋಬಳಿಯ ಸಂತೆಯ ಸುಂಕ ಇನ್ನೂ ಸಿಕ್ಕಿಲ್ಲ. ಸುಂಕ ವಸೂಲಿಯನ್ನು ಪಂಚಾಯಿತಿಯವರು ವರ್ಷವರ್ಷ ಹರಾಜು ಹಾಕುತ್ತಾರೆ. ಯಾರು ಕೂಗಿದರು, ಎಷ್ಟಕ್ಕೆ ಹೋಯಿತು, ಎಂದು ಬರೆದ ಹಳೆಯ ಪುಸ್ತಕಗಳು ಯಾವ ಗ್ರಂಥಾಲಯದಲ್ಲೂ ಇಲ್ಲ. ಸಹಕಾರ ಸಂಘದ ವಾರ್ಷಿಕ ವರದಿ, ಜಾತ್ರೆಯ ಕರಪತ್ರ, ಶಾಲೆಯ ಬೆಳ್ಳಿಹಬ್ಬದ ಸಂಚಿಕೆ, ದನದ ಜಾತ್ರೆಯ ರಸೀತಿ, ಇವನ್ನೆಲ್ಲ ಪುಸ್ತಕವೆಂದು ಯಾರೂ ಎಣಿಸುವುದಿಲ್ಲ. ಕೊಡಲು ಹೋದರೆ ಎಷ್ಟೋ ಗ್ರಂಥಾಲಯಗಳವರು ಜಾಗವಿಲ್ಲ, ಬೆಲೆ ನಮೂದಾಗಿಲ್ಲ ಎಂದು ಹಿಂದಕ್ಕೆ ಕಳಿಸುತ್ತಾರೆ. ಗ್ರಂಥಪಾಲಕರು ದಯವಿಟ್ಟು ಅವಕ್ಕೂ ಒಂದು ನಂಬರು ಹಾಕಿ ಒಂದು ಮೂಲೆ ಕೊಡಬೇಕು. ನೀವೂ ಅಷ್ಟೆ. ಅಟ್ಟ ಗುಡಿಸುವಾಗ ಇಂಥದ್ದೇನಾದರೂ ಸಿಕ್ಕರೆ ಹಳೆ ಪೇಪರಿನವನನ್ನು ಕೂಗುವ ಮೊದಲು ಹತ್ತಿರದ ಕಾಲೇಜಿನ ಲೈಬ್ರರಿಯಲ್ಲಿ ಒಮ್ಮೆ ಕೇಳಿ. ಕೊಡುವಾಗ ಮೇಲೆ ಊರು ಮತ್ತು ಇಸವಿ ಬರೆದು ಕೊಡಿ.