ಹದಿನೆಂಟು ನಿಮಿಷದ ಗೀಸರ್

ನಮ್ಮನೆಯಲ್ಲಿ ಗೀಸರಿನ ಕೆಂಪು ದೀಪ ಹೊತ್ತಿತೆಂದರೆ ಯಾರಿಗೂ ನೆಮ್ಮದಿಯಿಲ್ಲ. ಹದಿನೈದು ಲೀಟರ್ ನೀರು 25 ಡಿಗ್ರಿಯಿಂದ 60ಕ್ಕೇರಲು ಸುಮಾರು 0.6 ಯೂನಿಟ್ ಸಾಕು, 2 ಕಿಲೋವ್ಯಾಟಿನ ಗೀಸರಿಗೆ ಅದು 18 ನಿಮಿಷದ ಕೆಲಸ ಎಂದು ಪಾಂಡಿತ್ಯ ಮೆರೆದವನು ನಾನೇ. ಅಂದಿನಿಂದ ಹತ್ತೊಂಬತ್ತನೇ ನಿಮಿಷವೆಂದರೆ ಮನೆಯಾಕೆಗೆ ರಾಹುಕಾಲ. ತಲೆಗೆ ಸೋಪು ಹಚ್ಚಿಕೊಂಡಿದ್ದರೂ "ರೀ, ಆಫ್ ಮಾಡಿದ್ರಾ?" ಎಂಬ ಕೂಗು ಬಾಗಿಲು ದಾಟಿ ಬರುತ್ತದೆ. ಥರ್ಮೋಸ್ಟಾಟ್ ತಾನೇ ಆರಿಸುತ್ತದೆ ಕಣೇ ಎಂದರೆ, "ಬಿಲ್ಲೂ ಅದೇ ಕಟ್ಟುತ್ತಾ?" ಎಂಬ ಪ್ರಶ್ನೆ.

ಸೋಲಾರ್ ಇಲ್ಲವೇ ಎನ್ನುತ್ತೀರಿ. ಬೆಂಗಳೂರಿನ ತಾರಸಿಗಳ ಮೇಲೆಲ್ಲ ಇರುವಂತೆ ನಮ್ಮಲ್ಲೂ ಇದೆ. ಬಿಸಿಲು ಪುಕ್ಕಟೆ, ನಿಜ. ಆದರೆ ನಾವಿರುವುದು ನೆಲಮಹಡಿಯಲ್ಲಿ. ರಾತ್ರಿಯೆಲ್ಲ ಪೈಪಿನಲ್ಲಿ ತಣ್ಣಗಾದ ನೀರು ಮೊದಲು ಇಳಿದು ಬರಬೇಕು. ಅದನ್ನು ಚೆಲ್ಲುವುದುಂಟೇ? ಬಕೆಟ್, ಬಿಂದಿಗೆ, ಚೊಂಬು ಎಲ್ಲ ತುಂಬುತ್ತವೆ. ಬಿಸಿನೀರು ಬರುವಷ್ಟರಲ್ಲಿ ತುಳಸಿ, ದಾಸವಾಳ, ಕರಿಬೇವು ಎಲ್ಲಕ್ಕೂ ಅಭ್ಯಂಜನವಾಗಿ, ನಾನೊಬ್ಬ ಟವಲ್ಲಿನಲ್ಲಿ ನಿಂತಿರುತ್ತೇನೆ. ಆಷಾಢದ ಮೋಡ ಕವಿದರೆ ಅದೂ ಇಲ್ಲ.

ಊರಿಂದ ಬಂದ ಅತ್ತೆಯವರಿಗೆ ಇದೆಲ್ಲ ತಮಾಷೆ. ಕರಟ, ತೆಂಗಿನಗರಿ ತುರುಕಿದರೆ ಹಂಡೆಯ ನೀರು ಮಧ್ಯಾಹ್ನದವರೆಗೂ ಬಿಸಿಯಿರುತ್ತಿತ್ತಂತೆ. ಹೊಗೆಯಿಂದ ಹರಿದ ಕಣ್ಣೀರಿನ ಲೆಕ್ಕ ಮಾತ್ರ ಅವರು ಇಟ್ಟಿಲ್ಲ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆಯಿಲ್ಲದೆ ಗೀಸರಿಗೇ ಕುಂಕುಮವಿಟ್ಟು, ಹೂವೇರಿಸಿ, ಆರತಿ ಬೆಳಗಿದರು. ಮಗಳೂ ಭಕ್ತಿಯಿಂದ ಕೈಮುಗಿದಳು. ಏನು ಬೇಡಿಕೊಂಡೆ ಎಂದೆ.

"ಮುಂದಿನ ವರ್ಷ ಇದೇ ಜಾಗದಲ್ಲಿ ಫೈವ್ ಸ್ಟಾರ್ ಗೀಸರ್ ಇರಲಿ ಅಂತ."